ಹಳ್ಳ ದಾಟಿಸಿದ ಮಿಡಚಿ

ಈ ಸಲ ಗಣಪತಿ ಹಬ್ಬ ಮುಗಿದ ವಾರ ಬಾಗಲಕೋಟೆಯ ನಮ್ಮ ಮನೆಗೆ ಎಮ್ಮೆಗೆಂದು ಹಸಿ ಜೋಳದ ಕಣಿಕೆಯ ಹೊರೆ ಬಂತು. ಹೊತ್ತು ತಂದವನು ಅದನ್ನು ಹಿತ್ತಲ ಬಾಗಿಲಲ್ಲಿ ಧೊಪ್ಪೆಂದು ಒಗೆದಾಗ ಒಳಗಿಂದ ಒಂದು ಮಿಡಚಿ, ಅಂದರೆ ಮಿಡತೆ, ಹೊರಬಿತ್ತು. ಸೊಸೆ ನೋಡದೆ ತುಳಿದಳು. ಅಷ್ಟೇ ಆದದ್ದು. ಹಸಿ ಎಲೆ ಅರೆದಂಥ, ಅದಕ್ಕೆ ತುಸು ಕಮಟು ಬೆರೆತಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಊಟಕ್ಕೆ ಕೂತಿದ್ದ ನಾನು ತಾಟು ಸರಿಸಿ ಎದ್ದುಬಿಟ್ಟೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇನೋ ಎಂದು ಪಾಪ ಆಕೆ ಗಾಬರಿಯಾದಳು. ಉಪ್ಪು ಸರಿಯಾಗಿಯೇ ಇತ್ತು. ಮೂವತ್ತೈದು ವರ್ಷದ ಹಿಂದಿನ ಒಂದು ಮಳೆಗಾಲ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಆಕೆಗೆ ಹೇಗೆ ಹೇಳಲಿ? ಇವತ್ತಿಗೂ ನನ್ನ ಹೆಂಡತಿಗೇ ಹೇಳಿಲ್ಲ.

ಪ್ಲೇಗು ಬಂದು ಹೋಗಿ ಜನ ಮತ್ತೆ ಮನೆ ಸೇರಿ ನಾಲ್ಕೈದು ವರ್ಷಗಳಾಗಿದ್ದ ಕಾಲ. ನಾನು ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಇಪ್ಪತ್ತೆರಡರ ವಯಸ್ಸು, ಹೊಸ ರುಮಾಲು, ಹೊಸ ಛತ್ರಿ, ತಲೆ ತುಂಬ ಸೊಕ್ಕು. ಶೇತ್ಕಿ ಖಾತೆಯವರು, ಬೇಸಾಯದ ಇಲಾಖೆಯನ್ನು ಆಗ ಎಲ್ಲರೂ ಹಾಗೇ ಕರೆಯುತ್ತಿದ್ದರು, ನನ್ನನ್ನು ಕಾಮಗಾರನೆಂದು ನೇಮಿಸಿ ಹುನಗುಂದದ ಆಚೆ ಒಂದು ಹಳ್ಳದ ಎರಡೂ ದಂಡೆಯ ಮೇಲಿದ್ದ ಎರಡು ಹಳ್ಳಿಗಳಿಗೆ ಕಳಿಸಿದರು. ಊರ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಆಗಿನವರ ಮಕ್ಕಳು ಮರಿಗಳು ಇದ್ದಾರೆ, ತಪ್ಪು ನನ್ನದು. ಈಚೆಯ ಊರು, ಆಚೆಯ ಊರು ಅಂದರೆ ಸಾಕು. ನಾನು ಈಚೆಯ ಊರ ಚಾವಡಿಯಲ್ಲಿ ಇಳಿದುಕೊಂಡಿದ್ದೆ.

ಮಿರ್ಗದ, ಅಂದರೆ ಮೃಗಶಿರೆಯ, ಮಳೆ ಬಿದ್ದ ಎಂಟು ದಿನಕ್ಕೆ ಈಚೆಯ ಊರಿನ ಮಸಾರಿಯ ಕೆಂಪು ಹೊಲಗಳಲ್ಲಿ ಮಿಡಚಿಯ ಮರಿಗಳು ಎದ್ದವು. ಮೊದಲು ಬದುವಿನ ಹುಲ್ಲು ತಿಂದವು. ಆಮೇಲೆ ಎಳೆ ಸಜ್ಜೆ, ಆಮೇಲೆ ಜೋಳ. ಬೆಳೆದಂತೆಲ್ಲ ಹಸಿರು ಮೈ, ಹಳದಿ ಗೆರೆ, ಬೆರಳುದ್ದದ ದಪ್ಪ ಹೊಟ್ಟೆ. ಅದಕ್ಕೆ ರೆಕ್ಕೆ ಇಲ್ಲ. ಹುಟ್ಟಿ ಸಾಯುವ ತನಕ ನೆಲದ ಮೇಲೆ ಕುಪ್ಪಳಿಸಿಕೊಂಡೇ ಹೋಗಬೇಕು. ಧಾರವಾಡದ ಕಡೆಯಿಂದ ಕುದುರೆ ಮೇಲೆ ಬಂದಿದ್ದ ನಮ್ಮ ಸಾಹೇಬರು ಇದನ್ನೇ ನನಗೆ ಹತ್ತು ಸಲ ಹೇಳಿದ್ದರು: ಈ ಹುಳ ತಾನಾಗಿ ಹಳ್ಳ ದಾಟುವುದಿಲ್ಲ, ದಾಟಿದರೆ ಮನುಷ್ಯನೇ ದಾಟಿಸಿರಬೇಕು, ಕಣಿಕೆಯ ಹೊರೆಯಲ್ಲೋ ಹಾಸಿಗೆಯ ಸುರುಳಿಯಲ್ಲೋ. ಚೀಲದಿಂದ ಹಿಡಿಯಿರಿ, ಹಿಡಿದದ್ದನ್ನು ಅಲ್ಲೇ ತಗ್ಗು ತೋಡಿ ತುಳಿದು ಹೂಳಿರಿ, ಜೀವಂತ ಒಂದನ್ನೂ ಎಲ್ಲಿಗೂ ಒಯ್ಯಬೇಡಿ. ನಾನು ಆಗಲಿ ಎಂದು ತಲೆ ಅಲ್ಲಾಡಿಸಿದ್ದೆ.

ಆಚೆಯ ಊರಿನಲ್ಲಿ ಒಂದು ಮಿಡಚಿಯೂ ಇರಲಿಲ್ಲ. ಹಾಗೇ ಇರಬೇಕೆಂದು ನಾನು ಹಳ್ಳ ದಾಟಿ ಹೋಗಿ ಅಲ್ಲಿಯವರನ್ನು ಕೂಡಿಸಿ ಭಾಷಣ ಬಿಗಿದೆ. ಎಲ್ಲರೂ ಕೇಳಿ ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು. ಹಿಂದೆ ಉಳಿದವಳು ಸಂಗವ್ವ ಒಬ್ಬಳೇ. ಗಂಡ ಪ್ಲೇಗಿಗೆ ಹೋಗಿದ್ದ. ಜನ, ಬಂಡಿ ಹಳ್ಳ ದಾಟುವ ಜಾಗಕ್ಕೆ ದಾಟು ಅನ್ನುತ್ತಿದ್ದರು; ಅದರ ಪಕ್ಕದಲ್ಲೇ ಆಕೆಯ ಹೊಲ, ವರ್ಷದ ಜೋಳ ಅದರಿಂದಲೇ ಬರಬೇಕು. ಐವತ್ತರ ಹತ್ತಿರದ ಗಟ್ಟಿ ಹೆಂಗಸು.

"ತಮ್ಮಾ, ಈ ದಾಟಿನಾಗ ಯಾರರ ನಿಂತು ನೋಡಿಕೊಂಡ್ರ ಅವು ಬರಂಗಿಲ್ಲ ಹೌದಲ್ಲೋ?" ಅಂದಳು.

"ಬರಂಗಿಲ್ರಿ ಅವ್ವಾರ. ಅವಕ್ಕ ರೆಕ್ಕಿನೇ ಇಲ್ಲ."

"ಹಂಗಾರ ನಾ ನಿಲ್ತೇನಿ."

ನಿಂತಳು, ದೇವರಾಣೆಗೂ ನಿಂತಳು. ಕೈಯಲ್ಲಿ ಲಕ್ಕಿ ಸೊಪ್ಪಿನ ಒಂದು ಕಟ್ಟು ಹಿಡಿದು ಬೆಳಗಿನಿಂದ ದನ ಮನೆ ಸೇರುವ ತನಕ ದಾಟಿನ ಕಲ್ಲಿನ ಮೇಲೆ. ಯಾರೇ ಬರಲಿ, ಗಂಟು ಬಿಚ್ಚು, ಕಂಬಳಿ ಝಾಡಿಸು, ಹೊರೆ ಇಳಿಸು. ಈಚೆಯ ಊರಿನ ಬಸನಗೌಡರ ಸವಾರಿ ಬಂಡಿಯನ್ನೇ ತಡೆದು, ಎತ್ತಿಗೆಂದು ಹಾಕಿದ್ದ ಹುಲ್ಲನ್ನು ಹಳ್ಳಕ್ಕೆ ಚೆಲ್ಲಿಸಿದಳು. ಗೌಡರು ಕೆಂಡವಾದರು. ಮದುವೆಯ ದಿಬ್ಬಣವೊಂದು ಬಂದಾಗ ಮದುಮಗನ ರುಮಾಲು ಬಿಚ್ಚಿಸಿದಳೆಂದು ಎರಡೂ ಊರಿನಲ್ಲಿ ನಕ್ಕದ್ದೇ ನಕ್ಕದ್ದು. ನನ್ನನ್ನೂ ಬಿಡಲಿಲ್ಲ.

"ಅವ್ವಾರ, ನಾನ ನಿಮಗ ಕಲಿಸಿದಾಂವ!"

"ಕಲಿಸಿದಾಂವನ ಛತ್ರಿಯೊಳಗ ಹುಳ ಕುಂದ್ರಂಗಿಲ್ಲೇನು? ತಗಿ ತಮ್ಮಾ, ತಗಿ."

ಛತ್ರಿ ಬಿಚ್ಚಿ ಝಾಡಿಸಿದರೆ ನಿಜಕ್ಕೂ ಒಂದು ಮರಿ ಬಿತ್ತು! ಆಕೆ ಅದನ್ನು ಹಿಮ್ಮಡಿಯಿಂದ ಹೊಸಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನನ್ನು ಮನೆಯ ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟಳು. ಅಂದಿನಿಂದ ನಾನು ಆಚೆಗೆ ಹೋದಾಗಲೆಲ್ಲ ಮಜ್ಜಿಗೆ ತಪ್ಪಲಿಲ್ಲ. ಮಗಳು ಗೌರವ್ವನನ್ನು ಗುಳೇದಗುಡ್ಡದ ಮಗ್ಗದ ಮನೆಗೆ ಕೊಟ್ಟದ್ದು, ಆಕೆ ಈಗ ಚೊಚ್ಚಲ ಬಸುರಿ, ಭಾದ್ರಪದದಲ್ಲಿ ಬಾಣಂತನಕ್ಕೆ ತವರಿಗೆ ಬರುತ್ತಾಳೆ, ಎಲ್ಲವನ್ನೂ ಹೇಳುತ್ತಿದ್ದಳು.

ಈಚೆಯ ಊರಿನಲ್ಲಿ ಮಾತ್ರ ನನ್ನ ಕೆಲಸ ಕೆಟ್ಟು ಕೂತಿತ್ತು. ಇಳಕಲ್ಲಿನಿಂದ ದಪ್ಪ ಬಟ್ಟೆ ತರಿಸಿ, ಬಿದಿರಿನ ಚೌಕಟ್ಟು ಕಟ್ಟಿ, ಬಾಯಿ ಅಗಲದ ದೊಡ್ಡ ಚೀಲ ಹೊಲಿಸಿದ್ದೆ. ಇಬ್ಬರು ಎರಡು ಕಡೆ ಹಿಡಿದು ಪೈರಿನ ನಡುವೆ ಓಡಿದರೆ ಮಿಡಚಿಗಳು ತಾವಾಗಿಯೇ ಒಳಗೆ ಬೀಳುತ್ತಿದ್ದವು. ಹಿಡಿಯುವುದಕ್ಕೆ ಎಲ್ಲರೂ ಬಂದರು. ಹೂಳುವುದಕ್ಕೆ ಒಬ್ಬನೂ ಬರಲಿಲ್ಲ. ಅದರಲ್ಲೂ ಶ್ರಾವಣ ಹಿಡಿದ ಮೇಲೆ ಕೇಳುವುದೇ ಬೇಡ.

"ಇಷ್ಟು ಜೀವ ತುಳಿಯೂದು ನಮ್ಮ ಕೈಲೆ ಆಗಂಗಿಲ್ರಿ ಕಾಮಗಾರ್ರ," ಅಂದರು ಬಸನಗೌಡರು. ಹಿಂದಿನಿಂದ ಯಾರೋ ಒಬ್ಬ, "ಸಾಬರಿಗೆ ನಡೀತೈತಿ ಬಿಡ್ರಿ, ಅವರ ತುಳೀಲಿ," ಅಂದ. ಕೂಡಿದವರಲ್ಲಿ ಮುಸಲ್ಮಾನ ನಾನೊಬ್ಬನೇ, ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ನನಗೆ ಗೊತ್ತಿತ್ತು. ಆದರೂ ಚುಚ್ಚಿತು. ನಮ್ಮ ಮನೆಯಲ್ಲಿ ಒಂದು ಕೋಳಿ ಕೊಯ್ಯುವುದಿದ್ದರೂ ನಾನು ಅಂಗಳ ಬಿಟ್ಟು ಹೋಗುತ್ತಿದ್ದವನು. ಮೂರು ವಾರ ನಾನೊಬ್ಬನೇ ತಗ್ಗಿಗೆ ಇಳಿದು, ಮೊಣಕಾಲತನಕ ಧೋತರ ಎತ್ತಿ ಕಟ್ಟಿ ತುಳಿದೆ. ಕಾಲಿನ ಕೆಳಗೆ ಚಟಚಟ ಅನ್ನುವುದು, ಮೇಲೆ ನಿಂತವರು ಮೂಗು ಮುಚ್ಚಿಕೊಂಡು ನೋಡುವುದು. ಬೂದಿ ಹಚ್ಚಿ ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ, ರೊಟ್ಟಿ ಮುರಿದರೆ ರೊಟ್ಟಿಯಲ್ಲೂ ಅದೇ.

ಇಷ್ಟರಲ್ಲಿ ಸಾಹೇಬರು ಇನ್ನೊಂದು ವಾರಕ್ಕೆ ತಪಾಸಣೆಗೆ ಬರುತ್ತಾರೆಂಬ ಪತ್ರ ಬಂತು. ಹೊಲಗಳಲ್ಲಿ ಇನ್ನೂ ಮಿಡಚಿ ಕುಣಿಯುತ್ತಿದ್ದವು. ನಾನು ಚಾವಡಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಗೌಡರು ಬಂದು ಪಕ್ಕದಲ್ಲಿ ಕೂತರು.

"ನಮ್ಮ ಊರಾಗ ಒಂದು ಪದ್ಧತಿ ಐತ್ರಿ. ಬ್ಯಾನಿ ಬರ್ಲಿ, ಹುಳ ಬರ್ಲಿ, ಕೊಲ್ಲೂದಿಲ್ಲ. ಉಡಿ ತುಂಬಿ ಗಡಿ ದಾಟಸ್ತೇವಿ. ಹಲಗಿ ಬಾರಿಸ್ಕೋತ ಹೋದ್ರ ಆಚಿ ಊರವ್ರು ಅರಿಷಿಣ ಕುಂಕುಮ ಹಿಡಕೊಂಡು ಬಂದು ಎದುರುಗೊಳ್ತಾರ. ಅವರು ಹೊತಗೊಂಡು ಮುಂದಿನ ಗಡಿಗೆ ಮುಟ್ಟಸ್ತಾರ. ಹಿಂಗ ಊರಿಂದ ಊರಿಗೆ ಹೋಗಿ ಹೊಳಿ ಸೇರ್ತೈತಿ. ಪ್ಲೇಗಿನಾಗೂ ಹಂಗ ಮಾಡೀವಿ. ನೀವು ಹೂಂ ಅನ್ರಿ, ಊರಿಗೆ ಊರ ಹೊಲಕ್ಕ ಇಳೀತೈತಿ."

ಬೇಡ ಅನ್ನಬೇಕಿತ್ತು. ಒಂದು ಮಾತು, ಬೇಡ. ಈ ಹುಳಕ್ಕೆ ರೆಕ್ಕೆ ಇಲ್ಲ, ನಡುವಿನ ನೀರೇ ಆಚೆಯವರ ಗೋಡೆ, ಅದನ್ನು ದಾಟಿಸುವುದು ಅನ್ಯಾಯ ಅನ್ನಬೇಕಿತ್ತು. ಅದನ್ನು ಹೇಳುವುದಕ್ಕೇ ಸರಕಾರ ನನಗೆ ಪಗಾರ ಕೊಡುತ್ತಿತ್ತು. ಆದರೆ ತಗ್ಗಿಗೆ ಇಳಿಯುವುದು ತಪ್ಪುತ್ತದಲ್ಲ, ಊರವರು ನನ್ನವರಾಗುತ್ತಾರಲ್ಲ ಎಂದು ನನ್ನ ಹಾಳು ಮನಸ್ಸು ಕುಣಿಯಿತು. ಆಚೆಯ ದಂಡೆಯ ಕೊರಕಲಿನಲ್ಲಿ ಬಿಟ್ಟರೆ ಅಲ್ಲೇ ಸಾಯುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳೆಂದು ಗೊತ್ತಿದ್ದೇ ಹೇಳಿಕೊಂಡೆ.

ಹೂಂ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಇಷ್ಟು ನಾಚಿಕೆ ಇರುತ್ತಿರಲಿಲ್ಲವೇನೋ. "ಆದ್ರ ಹಲಗಿ ಬ್ಯಾಡ್ರಿ ಗೌಡ್ರ," ಅಂದೆ. "ಸಾಹೇಬ್ರ ಕಿವಿಗೆ ಬಿದ್ದೀತು. ದಾಟಿನ ಕಡೆನೂ ಬ್ಯಾಡ, ಅಲ್ಲಿ ಸಂಗವ್ವ ನಿಂತಿರ್ತಾಳ. ಹಳ್ಳದ ಮ್ಯಾಲಿನ ಕಡೆ ಹಾಸುಗಲ್ಲ ಅದಾವಲ್ಲ, ಅವುಗಳ ಮ್ಯಾಲೆ ದಾಟ್ರಿ."

ಗೌಡರು ನನ್ನ ಮುಖ ನೋಡಿದರು. "ಹಲಗಿ ಇಲ್ಲದ ಹೆಂಗ್ರಿ? ಆಚಿಯವ್ರಿಗೆ ತಿಳೀಬೇಕಲ್ಲ? ತಿಳದ್ರ ತಾನ ಅವರು ಮುಂದಕ್ಕ ದಾಟಸೂದು?"

"ನಾ ತಿಳಸ್ತೇನಿ," ಅಂದೆ.

ಶುಕ್ರವಾರ ಮಧ್ಯಾಹ್ನ ಚೀಲಗಳಿಗೆ ಅರಿಷಿಣ ಕುಂಕುಮ ಹಚ್ಚಿ, ರವಿಕೆಯ ಖಣ ಏರಿಸಿ, ಹೆಂಗಸರು ಆರತಿ ಬೆಳಗಿದರು. ಗಂಡಸರು ಸದ್ದಿಲ್ಲದೆ ಹೊತ್ತು ಹಾಸುಗಲ್ಲಿನ ಮೇಲೆ ದಾಟಿ ಆಚೆಯ ಕೊರಕಲಿನಲ್ಲಿ ಬಾಯಿ ಬಿಚ್ಚಿ ಬಂದರು. ಹಾಗೆ ನಾಲ್ಕು ದಿನ. ಆ ಹೊತ್ತಿನಲ್ಲಿ ನಾನು ದಾಟಿನ ಕಲ್ಲಿನ ಮೇಲೆ ಸಂಗವ್ವನ ಜೊತೆ ಮಾತಾಡುತ್ತ ಕೂತಿರುತ್ತಿದ್ದೆ. ಆಕೆ ಮೇಲಿನ ಕಡೆ ತಿರುಗಿ ನೋಡಬಾರದಲ್ಲ! ಆಚೆಯವರಿಗೆ ನಾನು ಏನೂ ತಿಳಿಸಲಿಲ್ಲ. ಸಾಹೇಬರು ಬಂದರು, ಈಚೆಯ ಹೊಲಗಳನ್ನು ನೋಡಿ ಬೆನ್ನು ತಟ್ಟಿದರು. ಬಸನಗೌಡರ ಮನೆಯಲ್ಲಿ ನನಗೆ ಹೋಳಿಗೆ ಊಟವಾಯಿತು.

ಭಾದ್ರಪದದಲ್ಲಿ ಗೌರವ್ವನ ಬಂಡಿ ಬಂತು. ನಾನು ಅಲ್ಲೇ ಇದ್ದೆ. ಸಂಗವ್ವ ಮಗಳ ಗಂಟು ಬಿಚ್ಚಿಸಿದಳು, ಬುಟ್ಟಿ ಬೋರಲು ಹಾಕಿಸಿದಳು. ಗೌರವ್ವ ಹೊದ್ದು ಕೂತಿದ್ದ ಕೌದಿಯೊಂದು ಉಳಿಯಿತು. ಹುಡುಗಿ ಸೊಂಟ ಹಿಡಿದುಕೊಂಡು, "ಯವ್ವಾ, ಇನ್ನ ಕೂಡ್ರಾಕ ಆಗವಲ್ತು," ಅಂದಳು. ಸಂಗವ್ವ ಒಂದು ಗಳಿಗೆ ಕೌದಿ ನೋಡಿದಳು, ಮಗಳ ಮುಖ ನೋಡಿದಳು, "ಹೋಗ್ಲಿ ಬಿಡು," ಎಂದು ಬಂಡಿ ಬಿಟ್ಟಳು. ಮೂರನೆಯ ದಿನ ಹೆಣ್ಣು ಕೂಸು ಹುಟ್ಟಿತು.

ಕೂಸಿಗೆ ಹನ್ನೆರಡು ದಿನ ತುಂಬುವುದರೊಳಗೆ ಮಿಡಚಿಗಳು ಕೊರಕಲಿನಿಂದ ಹೊಲಕ್ಕೆ ಇಳಿದವು. ಜೋಳ ಹಾಲುಗಾಳು ಕಟ್ಟಿತ್ತು. ತೆನೆಗೆ ಹತ್ತು ಹತ್ತು ಕೂತು ಎಳೆ ಕಾಳು ಮೆದ್ದು, ಬರೀ ಬೂದು ಬಣ್ಣದ ಕುಂಚ ಉಳಿಸಿದವು. ಊರಿನ ಬೇರೆ ಹೊಲಗಳಿಗೂ ಪೆಟ್ಟು ಬಿತ್ತು. ದಂಡೆಯ ಮೇಲಿದ್ದ ಸಂಗವ್ವನ ಹೊಲದಲ್ಲಿ ಮಾತ್ರ ಕೊಯ್ಯುವುದಕ್ಕೆ ಏನೂ ಉಳಿಯಲಿಲ್ಲ. ತೊಟ್ಟಿಲಿಗೆ ಹಾಕಲು ಗುಳೇದಗುಡ್ಡದಿಂದ ಬಂದ ಗೌರವ್ವನ ಅತ್ತೆ, ಬರುವ ದಾರಿಯಲ್ಲೇ ಹೊಲ ನೋಡಿ ಅಂಗಳದಲ್ಲಿ ನಿಂತು ಎಲ್ಲರೆದುರು ಅಂದಳು: "ಎಂಥಾ ಕಾಲ್ಗುಣ ನೋಡ್ರೇ ಯವ್ವಾ! ಅಜ್ಜೀ ಹೊಲ ತಿಂದ ಹುಟ್ಟೇತಿ ಕೂಸು."

ಗೌರವ್ವ ಒಳಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಸಂಗವ್ವ ಅಳಲಿಲ್ಲ. ಕಟ್ಟೆಯ ಹತ್ತಿರ ನಿಂತಿದ್ದ ನನ್ನ ಬಳಿ ಬಂದು, "ಕಾಲ್ಗುಣ ಅಲ್ಲ ತಮ್ಮಾ, ತಪ್ಪು ನಂದು. ಆ ಕೌದಿ ನಾ ಝಾಡಸಲಿಲ್ಲ," ಅಂದಳು. ಆಮೇಲೆ ದನಿ ಇಳಿಸಿ ಕೇಳಿದಳು: "ಒಂದು ಕೌದಿಯೊಳಗ ಎಷ್ಟು ಮಿಡಚಿ ಬಂದಾವು? ಇಷ್ಟೆಲ್ಲಾ ಆಗಾಕ ಎಷ್ಟು ಬೇಕು?"

ಆ ಹುಳ ವರ್ಷಕ್ಕೆ ಒಂದೇ ಸಲ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಹದಿನೈದು ದಿನದಲ್ಲಿ ಒಂದು ಹತ್ತಾಗುವುದಿಲ್ಲ. ಕೌದಿಯಲ್ಲಿ ನಾಲ್ಕು ಬಂದಿದ್ದರೆ ಹೊಲದಲ್ಲಿ ನಾಲ್ಕೇ ಇರುತ್ತಿದ್ದವು. ಇದನ್ನು ಆ ಎರಡು ಊರಿನಲ್ಲಿ ತಿಳಿದವನು ನಾನೊಬ್ಬನೇ. ಅತ್ತೆ, ಬೀಗರು, ಓಣಿಯ ಹೆಂಗಸರು ಎಲ್ಲರೂ ಸರಕಾರದ ಮನುಷ್ಯ ಏನು ಹೇಳುತ್ತಾನೆಂದು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಒಂದು ಬಂದ್ರೂ ಸಾಕ್ರಿ ಅವ್ವಾರ," ಅಂದೆ.

ಥೂ! ಚೀಲ ದಾಟಿಸಿದ್ದಕ್ಕಾದರೂ ಅಂಜಿಕೆ ಎಂಬ ನೆವ ಹೇಳಬಹುದು. ಇದಕ್ಕೆ ಏನು ಹೇಳಲಿ? ಹುಳ ಕೂಸಿನ ಜೊತೆಗೇ ಬಂತೆಂಬುದು ಎಲ್ಲರಿಗೂ ಗಟ್ಟಿಯಾಯಿತು. ಅತ್ತೆ ಕೂಸನ್ನು ತೊಟ್ಟಿಲಿಗೆ ಹಾಕದೆ, ಬಾಣಂತಿಯನ್ನು ಹಸಿ ಮೈಯಲ್ಲೇ ಬಂಡಿ ಹತ್ತಿಸಿಕೊಂಡು ಹೋದಳು. ಗೌರವ್ವ ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ.

ಮಾರ್ಗಶಿರದಲ್ಲಿ, ಮಿಡಚಿ ಇಟ್ಟ ಮೊಟ್ಟೆ ನೆಲದಲ್ಲಿ ಉಳಿಯದಂತೆ ಬದು ಅಗೆಯಿರಿ, ಆಳ ನೇಗಿಲು ಹೊಡೆಯಿರಿ ಎಂದು ಹೇಳಲು ನಾನು ಆಚೆಗೆ ಹೋಗಬೇಕಾಯಿತು. ಸಂಗವ್ವ ಆಗಲೇ ಒಬ್ಬಳೇ ಬದು ಅಗೆಯುತ್ತಿದ್ದಳು. ಮೊಟ್ಟೆಯ ಗೂಡುಗಳನ್ನು ಹೆಕ್ಕಿ ಹೆಕ್ಕಿ ಒಂದು ಗಡಿಗೆಯಲ್ಲಿ ಹಾಕುತ್ತಿದ್ದಳು, ಸುಡುವುದಕ್ಕೆ. ಸೊರಗಿ ಅರ್ಧ ಆಗಿದ್ದಳು. ನನ್ನನ್ನು ಕಂಡು, "ಬಾ ತಮ್ಮಾ, ಇಲ್ನೋಡು, ಈ ಸಲ ಒಂದೂ ಬಿಡೂದಿಲ್ಲ," ಅಂದಳು. ನನಗೆ ತಡೆಯಲಾಗಲಿಲ್ಲ. ನಿಂತ ನಿಲುವಿನಲ್ಲೇ ಎಲ್ಲ ಹೇಳಿಬಿಟ್ಟೆ. ಚೀಲ, ಹಾಸುಗಲ್ಲು, ಬೇಡ ಅಂದ ಹಲಗೆ, ಆಕೆಯ ಜೊತೆ ಮಾತಾಡುತ್ತ ಕೂತದ್ದು, ಕೌದಿಯ ಮಾತು ಸುಳ್ಳೆಂಬುದು.

ಬೈಯುತ್ತಾಳೆಂದುಕೊಂಡೆ. ಗುದ್ದಲಿ ಎತ್ತಿ ಹೊಡೆದಿದ್ದರೂ ತಲೆ ಒಡ್ಡುತ್ತಿದ್ದೆ. ಆಕೆ ಬದುವಿನ ಮೇಲೆ ಕೂತು ಬಹಳ ಹೊತ್ತು ಸೆರಗಿನಿಂದ ಕೈಯ ಮಣ್ಣು ಒರೆಸಿದಳು.

"ಹೊಲ ಹೋತು, ಹೋಗ್ಲಿ. ಮುಂದಿನ ವರ್ಷ ಬಿತ್ತತೇನಿ," ಅಂದಳು. "ಆ ಕೂಸಿನ ಗತಿ ಏನು? ನಾ ಹೋಗಿ ಹೇಳಿದ್ರ, ಅಜ್ಜಿ ಮೊಮ್ಮಗಳ ಮ್ಯಾಲಿನ ಮಾತು ಮುಚ್ಚಾಕ ಬಂದಾಳ ಅಂತಾರ. ನೀ ಹೇಳ್ಬೇಕು. ಅವತ್ತ ಅವರೆಲ್ಲಾ ನಿನ್ನ ಮಾತ ಕೇಳ್ಯಾರ. ಗುಳೇದಗುಡ್ಡಕ್ಕ ಹೋಗಿ ಅವರ ಅಂಗಳದಾಗ ನಿಂತು ಹೇಳು. ಹೇಳ್ತೀಯೇನು?"

"ಹೇಳ್ತೇನ್ರಿ," ಅಂದೆ.

"ನನ್ನ ಮ್ಯಾಲೆ ಆಣಿ ಮಾಡು."

ಮಾಡಿದೆ. ಅಂದು ಆಕೆ ಮಜ್ಜಿಗೆ ಕೊಡಲಿಲ್ಲ.

ಹೋಗಲಿಲ್ಲ. ಮೊದಲ ತಿಂಗಳು ರಜೆ ಸಿಗಲಿಲ್ಲ ಎಂದುಕೊಂಡೆ. ಆಮೇಲೆ, ವಿಷಯ ಬಾಯಿಂದ ಬಾಯಿಗೆ ಹೋಗಿ ಸಾಹೇಬರಿಗೆ ಮುಟ್ಟಿದರೆ ನೌಕರಿ ಹೋಗುತ್ತದೆ ಎಂದುಕೊಂಡೆ. ನನ್ನ ನಿಕಾಹ ನಿಶ್ಚಯವಾಗಿತ್ತು. ಬೇಸಿಗೆಯಲ್ಲಿ ನಾನೇ ಅರ್ಜಿ ಹಾಕಿ ಬಾದಾಮಿಗೆ ವರ್ಗ ಮಾಡಿಸಿಕೊಂಡೆ. ಬಾದಾಮಿಯಿಂದ ಗುಳೇದಗುಡ್ಡ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ರೊಟ್ಟಿಗೆ ಅಲ್ಲಿರಬಹುದು. ಬಾದಾಮಿಯಲ್ಲಿ ಐದು ವರ್ಷ ಇದ್ದೆ. ಸಂಗವ್ವ ತೀರಿಕೊಂಡಳೆಂದು ಅಲ್ಲಿದ್ದಾಗಲೇ ಕೇಳಿದೆ. ಆಮೇಲೆ ಬಡ್ತಿ, ಮಕ್ಕಳು, ಪಿಂಚಣಿ. ಹುಳದಿಂದ ಬೆಳೆ ಕಾಪಾಡುವುದು ಹೇಗೆಂದು ಎಷ್ಟು ಊರಲ್ಲಿ ಭಾಷಣ ಮಾಡಿದೆನೋ ಲೆಕ್ಕವಿಲ್ಲ.

ತಾಟು ಬಿಟ್ಟು ಎದ್ದ ಮರುದಿನ ಮೋಟಾರು ಹತ್ತಿ ಗುಳೇದಗುಡ್ಡಕ್ಕೆ ಹೋದೆ. ಗೌರವ್ವನ ಮಗಳು, ಹಳ್ಳದ ಊರಿನ ಸಂಗವ್ವನ ಮೊಮ್ಮಗಳು ಎಂದು ಕೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ನೂಲು ಬಿಸಿಲಿಗೆ ಹಾಕುತ್ತಿದ್ದ ಮುದುಕನೊಬ್ಬ, "ಓ, ಮಿಡಚವ್ವನ ಮನಿ ಕೇಳ್ತೀರೇನ್ರಿ?" ಅಂದ. ಅವನು ಸಹಜವಾಗಿ, ನಮಸ್ಕಾರ ಅಂದಷ್ಟು ಸಹಜವಾಗಿ, ಮನೆ ತೋರಿಸಿದ.

ಒಳಗೆ ಮಗ್ಗದ ಸದ್ದು. ಹೊರಗೆ ಪಡಸಾಲೆಯಲ್ಲಿ ಆಕೆ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಸಂಗವ್ವನ ಅದೇ ಅಗಲ ಹಣೆ. "ಬರ್ರಿ ಅಜ್ಜಾರ, ಖಣ ಬೇಕಾಗಿತ್ತೇನ್ರಿ?" ಅಂದಳು. ನಾನು ಮೊದಲು ಹೆಸರು ಕೇಳಿದೆ. "ಹೆಸರು ಶಾಂತವ್ವರಿ. ಕರಿಯೂದು ಮಿಡಚವ್ವ," ಎಂದು ನಕ್ಕಳು. "ಹುಟ್ಟಿದ ವರ್ಷ ಅಜ್ಜಿ ಹೊಲಾ ತಿಂದೇನಂತ್ರಿ. ಮೂರು ಕಡೆ ಸಂಬಂಧ ಮುರೀತು, ಕಡೀಕ ಹೇಣ್ತಿ ಸತ್ತಾಂವಗ ಕೊಟ್ರು. ಛಲೋ ಮನಿಷ್ಯಾ ಅದಾನ್ರಿ, ಅದಕ್ಕೇನಿಲ್ಲ."

ನಾನು ಹೇಳಿದೆ. ಪಡಸಾಲೆಯ ಮೇಲೆ ಕೂತು, ಈ ಸಲ ಏನೂ ಬಿಡದೆ ಹೇಳಿದೆ. ರಾಟೆ ನಿಂತಿತು. ಕೋಪ ಬರಲಿಲ್ಲ ಆಕೆಗೆ, ಅದೇ ನನಗೆ ಸಹಿಸಲಾಗಲಿಲ್ಲ.

"ಇದನ್ನ ಈಗ ನಾ ಯಾರಿಗೆ ಹೇಳ್ಲಿರಿ?" ಅಂದಳು. "ನನ್ನ ಅಂದವ್ರೆಲ್ಲಾ ಹೋದ್ರು. ನಮ್ಮವ್ವ ನನ್ನ ಹೊಡೀಲಿಲ್ಲ, ಬಡೀಲಿಲ್ಲ, ಆದ್ರ ಒಂದ ದಿನ ತಲಿ ಸವರಿ ಮಾತಾಡ್ಲಿಲ್ರಿ. ನನ್ನ ಮಾರಿ ನೋಡಿದಾಗೊಮ್ಮೆ ತವರು ನೆನಪಾಗ್ತಿತ್ತಂತ. ಆಕಿಗೆ ಹೇಳ್ಬೇಕಿತ್ರಿ ನೀವು. ಆಕಿಗೊಂದ ಹೇಳಿದ್ರ ಸಾಕಿತ್ತು."

ಗೌರವ್ವ ಯಾವಾಗ ಹೋದಳೆಂದು ಕೇಳಿದೆ.

"ಈ ಯುಗಾದಿ ಆದ ಮ್ಯಾಲೆ, ಎಂಟು ದಿನಕ್ಕ. ಇಲ್ಲೇ, ಈ ಮನ್ಯಾಗ."

ಯುಗಾದಿಯ ಮರುದಿನ ಗುಳೇದಗುಡ್ಡದಲ್ಲಿ ನಮ್ಮ ಅಕ್ಕನ ಮೊಮ್ಮಗನ ನಿಕಾಹ ಇತ್ತು. ನಾನು ಬಂದಿದ್ದೆ. ಊಟ ಮುಗಿದ ಮೇಲೆ ಸೊಸೆಗೆ ಖಣ ಕೊಳ್ಳಲೆಂದು ಇದೇ ಓಣಿಯಲ್ಲಿ ಹಾದು, ಇದೇ ಪಡಸಾಲೆಯ ಮುಂದಿನಿಂದ, ಛತ್ರಿ ಬಿಚ್ಚಿಕೊಂಡು ಹೋಗಿದ್ದೆ.